ಹೊಲಕ್ಕಿಳಿಯುವ ಕಾಲಿಗೂ ಬೂಟು ಬೇಕು

ಬೆಚ್ಚಗಿರುವ, ನೀರು ಇಳಿಯದ ಬೂಟು ಎಂದರೆ ಶಿಕಾರಿಯವರ ಸಾಮಾನು ಎಂಬ ಭಾವನೆ ನಮ್ಮಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು, ಆ ಬೂಟಿನ ಅಗತ್ಯ ಮಾತ್ರ ಮುಗಿದಿಲ್ಲ. ಕೋಲಾರ ಚಿನ್ನದ ಗಣಿಯ ಉರಿಗಾಂ ಆಸುಪಾಸಿನ ಹಳ್ಳಿಗಳಿಂದ ಬಂಗಾರಪೇಟೆಯವರೆಗೆ, ಮಂಜಿನಲ್ಲಿ ನೆನೆದ ರಾಗಿ ಹೊಲಕ್ಕೆ ಬೆಳಗಿನ ಜಾವವೇ ಕುಡುಗೋಲು ಹಿಡಿದು ಇಳಿಯುವವರ ಕಾಲಲ್ಲಿ ಏನಿರುತ್ತದೆ? ಹೆಚ್ಚೆಂದರೆ ಸವೆದ ಹವಾಯಿ ಚಪ್ಪಲಿ. ರಾತ್ರಿ ತ್ರೀ ಫೇಸ್ ಕರೆಂಟು ಬಂತೆಂದು ಎದ್ದು ಟೊಮ್ಯಾಟೊ ಸಾಲಿಗೆ ನೀರು ಕಟ್ಟುವವರು ಅದನ್ನೂ ಬದುವಿನ ಮೇಲೆ ಬಿಟ್ಟು ಬರಿಗಾಲಲ್ಲಿ ಕೆಸರಿಗಿಳಿಯುತ್ತಾರೆ. ಇವರಿಗೆ ಗಮ್ ಬೂಟು ಒದಗಿಸುವುದು ಸರ್ಕಾರದ ಹೊಣೆ.

ಕಾರಣ ಹಾವು. 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂಬುದು ಸಂಶೋಧಕರ ಅಂದಾಜು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು, ಕಡಿತಗಳಲ್ಲಿ ಹೆಚ್ಚಿನವು ಕಾಲಿಗೆ ಆದವು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ; ಬದುಕುಳಿದವರಲ್ಲೂ ಕೆಲವರು ಮತ್ತೆ ದುಡಿಯುವ ಸ್ಥಿತಿಗೆ ಬರುವುದಿಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ಒಳ್ಳೆಯ ಹೆಜ್ಜೆಯೇ. ಆದರೆ ಲೆಕ್ಕ ಬರೆಯುವುದು, ಔಷಧಿ ಕೊಡುವುದು ಎರಡೂ ಕಡಿದ ಮೇಲಿನ ಕೆಲಸ. ಕಡಿಯುವ ಮೊದಲೇ ಕೆಲಸಕ್ಕೆ ಬರುವುದು ಬೂಟು.

ದುಡಿಯುವವರಿಗೆ ಬೂಟು ಕೊಡುವುದು ಈ ನೆಲಕ್ಕೆ ಹೊಸ ಮಾತೂ ಅಲ್ಲ. 1961ರ ಗಣಿ ನಿಯಮಾವಳಿಯ ಪ್ರಕಾರ ರಕ್ಷಣಾ ಪಾದರಕ್ಷೆ ಇಲ್ಲದೆ ಯಾರೂ ಗಣಿಗಿಳಿಯುವಂತಿರಲಿಲ್ಲ, ಅದನ್ನು ಮಾಲೀಕರೇ ಪುಕ್ಕಟೆ ಕೊಡಬೇಕಿತ್ತು. 2001ರಲ್ಲಿ ಇಲ್ಲಿನ ಚಿನ್ನದ ಗಣಿ ಮುಚ್ಚಿತು. ಭೂಮಿಯೊಳಗೆ ದುಡಿದವರ ಕಾಲಿಗೆ ಇದ್ದ ಬೆಲೆ ಅದೇ ಭೂಮಿಯ ಮೇಲೆ ದುಡಿಯುವವರ ಕಾಲಿಗೆ ಯಾಕಿಲ್ಲ?

ಸೆಕೆಯಲ್ಲಿ ಯಾರು ಹಾಕುತ್ತಾರೆ, ಕೆಸರಲ್ಲಿ ಹೂತುಕೊಳ್ಳುತ್ತದೆ ಎನ್ನುವವರಿದ್ದಾರೆ. ನಿಜ, ಮಧ್ಯಾಹ್ನದ ಬಿಸಿಲಿಗೆ ಅದು ಹಿಂಸೆಯೇ. ಆದರೆ ಅಪಾಯ ಹೆಚ್ಚಿರುವ ರಾತ್ರಿ ಮತ್ತು ಮುಂಜಾವಿನಲ್ಲಿ ಸೆಕೆ ಅಷ್ಟಿರುವುದಿಲ್ಲ. ಮೀನಖಂಡ ಮುಚ್ಚುವಷ್ಟು ಎತ್ತರ, ಕಾಲಿಗೆ ಅಂಟದಷ್ಟು ಸಡಿಲ, ಜಾರದ ಅಟ್ಟೆ, ಒಳಗೆ ದಪ್ಪ ಕಾಲುಚೀಲ ಇದ್ದರೆ ಸಾಕು. ದುಬಾರಿ ಮಾಲು ಬೇಕಿಲ್ಲ. ಹಾಕಿಕೊಳ್ಳುವ ಮುಂಚೆ ಬೋರಲು ಹಾಕಿ ಕೊಡವಬೇಕು, ಚೇಳು ಸೇರಿಕೊಂಡಿರಬಹುದು. ಕೊಯ್ಲಿನಲ್ಲಿ ಕೈಗೆ ಆಗುವ ಕಡಿತವನ್ನು, ನೆಲದ ಮೇಲೆ ಮಲಗಿದವರನ್ನು ಕಚ್ಚುವ ಕಟ್ಟುಹಾವನ್ನು ಬೂಟು ತಡೆಯದು ಎಂಬುದೂ ಸರಿ. ಅದಕ್ಕೆ ಟಾರ್ಚು, ಕೋಲು, ಮಂಚ, ಸೊಳ್ಳೆಪರದೆ ಬೇಕೇ ಬೇಕು. ಹಾಗಂತ ತಡೆಯಬಹುದಾದ ಕಡಿತವನ್ನು ತಡೆಯದೆ ಬಿಡುವುದೇ?

ರೈತ ಸಂಪರ್ಕ ಕೇಂದ್ರಗಳಲ್ಲಿ ಟಾರ್ಪಾಲಿನ್ ಸಹಾಯಧನದಲ್ಲಿ ಸಿಗುತ್ತದೆ. ಅದೇ ಪಟ್ಟಿಗೆ ಬೂಟನ್ನೂ ಸೇರಿಸಿ. ಪಹಣಿ ಕೇಳಬೇಡಿ, ಕೂಲಿಯವರ ಹೆಸರಲ್ಲಿ ಜಮೀನಿರುವುದಿಲ್ಲ. ಹೆಂಗಸರ ಕಾಲಿನ ಅಳತೆಯವನ್ನೂ ತರಿಸಿ. ರಾಗಿ ಹೊಲದಲ್ಲಿ ಬಗ್ಗಿ ದುಡಿಯುವವರಲ್ಲಿ ಅವರೂ ಇದ್ದಾರೆ.