ಕೆಡೆಟ್ಟಿಗೂ ಒಂದು ಪರದೇಶ ಬೇಕು

ಅಮೆರಿಕದ ಕಾಲೇಜುಗಳಲ್ಲಿರುವ ಆರ್‌ಒಟಿಸಿ ನಮ್ಮ ಎನ್‌ಸಿಸಿಯಂಥದ್ದೇ ಎಂದರೆ ಅರ್ಧ ಮಾತ್ರ ಸರಿ. ಎನ್‌ಸಿಸಿ ಮುಗಿಸಿದವರು ಸೇನೆ ಸೇರಲೇಬೇಕೆಂದಿಲ್ಲ. 1916ರ ಕಾಯ್ದೆಯಿಂದ ಹುಟ್ಟಿದ ಆರ್‌ಒಟಿಸಿಯಲ್ಲಿ ಕರಾರಿಗೆ ಸಹಿ ಹಾಕಿ ವಿದ್ಯಾರ್ಥಿವೇತನ ಪಡೆದವರು ಪದವಿಯ ಜೊತೆಗೇ ಸೇನಾಧಿಕಾರಿಗಳಾಗುತ್ತಾರೆ. ಅಂಥವರು ನಡುವೆ ಒಂದು ಸೆಮಿಸ್ಟರ್ ಬೇರೆ ದೇಶದಲ್ಲಿ ಓದಬಹುದೇ? ನಿಯಮ ಬೇಡವೆನ್ನುವುದಿಲ್ಲ, ವೇಳಾಪಟ್ಟಿ ಬಿಡುವುದಿಲ್ಲ. ಅಲ್ಲಿನ ವಿದ್ಯಾರ್ಥಿಗಳು ಹೆಚ್ಚಾಗಿ ಪರದೇಶಕ್ಕೆ ಹೋಗುವುದು ಮೂರನೇ ವರ್ಷದಲ್ಲಿ. ಕೆಡೆಟ್ಟಿಗೆ ತರಬೇತಿ ಬಿಗಿಯಾಗುವುದೂ ಆಗಲೇ. ಅದರ ಬೆನ್ನಿಗೇ ಬೇಸಿಗೆಯಲ್ಲಿ ಕೆಂಟಕಿಯ ಫೋರ್ಟ್ ನಾಕ್ಸ್ ಶಿಬಿರ.

ಉಳಿದ ದಾರಿ ಇನ್ನೊಂದು ಬೇಸಿಗೆಯ ಕೆಲವು ವಾರಗಳದ್ದು. ರಕ್ಷಣಾ ಇಲಾಖೆಯ 'ಪ್ರಾಜೆಕ್ಟ್ ಗೋ' ಹಣ ಕೊಡುತ್ತ ಬಂದಿದೆ, ಆದರೆ ಇಲಾಖೆಗೆ ಬೇಕಾದ ಭಾಷೆಗಳಿಗೆ: ಅರಬ್ಬಿ, ಚೀನಿ, ರಷ್ಯನ್, ಪರ್ಷಿಯನ್ ಹೀಗೆ. ನನ್ನ ತಕರಾರು ಇಲ್ಲಿದೆ. ಯಾವ ದೇಶದ ಮೇಲೆ ಕಣ್ಣಿದೆಯೋ ಆ ದೇಶದ ಭಾಷೆಯನ್ನು ಮಾತ್ರ ಕಲಿಸುವುದು, ಅದನ್ನೂ ಬೇಸಿಗೆ ರಜೆಯಲ್ಲಿ ಮುಗಿಸುವುದು, ಓದಲ್ಲ, ಸರಕು ತುಂಬಿಸುವುದು. ಅರಬ್ಬಿಯಲ್ಲಿ ದಾರಿ ಕೇಳಲು ಬಂದರೆ ಸಾಕೇ? ದಾರ್ವಿಶರ ಒಂದು ಕವಿತೆಯ ಮುಂದೆ ತಡವರಿಸುವಷ್ಟು ಹೊತ್ತು ಬೇಡವೇ?

ನಮ್ಮ ಮಾನವಿಕ ವಿಭಾಗಗಳ ಗೆಳೆಯರು ಇನ್ನೊಂದು ತುದಿಗೆ ನಿಲ್ಲುತ್ತಾರೆ: ಸೈನಿಕರಿಗೆ ನಮ್ಮ ತರಗತಿಯಲ್ಲಿ ಜಾಗವೇ ಬೇಡ. ಇದಕ್ಕೆ ಕಾರಣವಿಲ್ಲದಿಲ್ಲ. ಇರಾಕ್, ಅಫ್ಘಾನಿಸ್ತಾನಗಳಲ್ಲಿ ಸೇನೆ ಸಮಾಜ ವಿಜ್ಞಾನಿಗಳನ್ನು ತುಕಡಿಗಳ ಜೊತೆ ಕಳಿಸಿದಾಗ ಅಮೆರಿಕದ ಮಾನವಶಾಸ್ತ್ರ ಸಂಘದ ಕಾರ್ಯಕಾರಿ ಮಂಡಳಿ 2007ರಲ್ಲಿ ವಿರೋಧಿಸಿತು, ಸರಿಯಾಗಿಯೇ. ಆದರೆ ವಿದ್ವಾಂಸರನ್ನು ಯುದ್ಧಕ್ಕೆ ಒಯ್ಯುವುದು ಬೇರೆ, ನಾಳೆ ಯುದ್ಧಕ್ಕೆ ಹೋಗಬಹುದಾದ ಇಪ್ಪತ್ತರ ಹುಡುಗ ಹುಡುಗಿಯರನ್ನು ಇಂದು ಬೆಂಚಿನ ಮೇಲೆ ಕೂರಿಸುವುದು ಬೇರೆ.

ಕನ್ನಡಿಗರಿಗೆ ಇದು ದೂರದ ಮಾತೇನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ ಕಂಪನಿಯ ಸೇನಾ ಎಂಜಿನಿಯರ್. ಅವನು ಕೂಡಿಟ್ಟ ಕೈಫಿಯತ್ತುಗಳ, ಶಾಸನಪ್ರತಿಗಳ ಋಣ ನಮ್ಮ ಚರಿತ್ರೆಕಾರರ ಮೇಲಿದೆ. ಆದರೆ ಅವನಿಗೆ ಇಲ್ಲಿನ ಭಾಷೆಗಳು ಬರುತ್ತಿರಲಿಲ್ಲ. ಕಾವಲಿ ವೆಂಕಟ ಬೋರಯ್ಯ ಮತ್ತು ಅವರ ತಮ್ಮಂದಿರು ಓದಿ ಹೇಳಬೇಕಿತ್ತು. ಗೆದ್ದ ಸೈನ್ಯದ ಜೊತೆ ಬಂದವನಿಗೆ ಊರಿನವರು ಹೇಳುವುದೇ ಬೇರೆ, ಪಕ್ಕದಲ್ಲಿ ಕೂತು ಓದುವವನಿಗೆ ಹೇಳುವುದೇ ಬೇರೆ. (ಬೋರಯ್ಯನವರಿಗೆ ಕೇಳಿದ್ದೆಲ್ಲ ಮೆಕೆಂಜಿಯ ಕಾಗದಕ್ಕೆ ಇಳಿದಿರಲಾರದು ಎಂಬುದು ನನ್ನ ಗುಮಾನಿ.)

ಸಮವಸ್ತ್ರ ಕಳಚಿಟ್ಟು, ಹಾಸ್ಟೆಲಿನ ಊಟ ಮಾಡಿ, ವ್ಯಾಕರಣ ತಪ್ಪಿ ನಗಿಸಿಕೊಂಡು ಬದುಕುವ ಅವಕಾಶ ಕೆಡೆಟ್ಟಿಗೆ ಸಿಗುವುದು ಕಾಲೇಜಿನ ದಿನಗಳಲ್ಲೇ. ಅಧಿಕಾರಿಯಾದ ಮೇಲೆ ಪರದೇಶಕ್ಕೆ ಕಳಿಸುವುದು ಆದೇಶ. ಹಾಗಾಗಿ ಪೂರ್ತಿ ಒಂದು ವರ್ಷ ಕೊಡಲಿ, ಭಾಷೆಯ ಪಟ್ಟಿ ಕೈಬಿಡಲಿ, ತರಬೇತಿಯನ್ನು ಒಂದು ವರ್ಷ ಮುಂದೂಡಲಿ. ಹೋಗುವವರು ತಾವು ಯಾರೆಂದು ಆತಿಥೇಯ ವಿಶ್ವವಿದ್ಯಾಲಯಕ್ಕೆ ಮುಚ್ಚುಮರೆಯಿಲ್ಲದೆ ಹೇಳಲಿ. ಬೇಡವೆನ್ನುವ ಹಕ್ಕು ಆ ವಿಶ್ವವಿದ್ಯಾಲಯಕ್ಕಿರಲಿ.