ಮಿದುಳಿನ ಅಳತೆ, ಮನುಷ್ಯನ ಬೆಲೆ

ಯಂತ್ರಕ್ಕೆ ಸಿಕ್ಕಿ ಬೆರಳು ಜಜ್ಜಿದವನನ್ನು ಯಾರೂ ಮೈಗಳ್ಳ ಎನ್ನುವುದಿಲ್ಲ. ಗಾಯ ಕಣ್ಣಿಗೆ ಕಾಣುತ್ತದೆ. ಆದರೆ ವಾರಗಟ್ಟಲೆ ನಿದ್ರೆಯಿಲ್ಲದೆ, ಊಟ ರುಚಿಸದೆ, ಹೆಂಡತಿ ಮಕ್ಕಳ ಮಾತೂ ಬೇಡವಾಗಿ, ಪಾಳಿಯ ಹೊತ್ತಿಗೆ ಹಾಸಿಗೆ ಬಿಟ್ಟು ಏಳಲಾರದವನಿಗೆ ಸಿಗುವುದೇನು? ಮೇಸ್ತ್ರಿಯ ಬೈಗುಳ, ಹಾಜರಿ ಪುಸ್ತಕದಲ್ಲಿ ಗೈರು, ನೆರೆಯವರಿಂದ ಸೋಮಾರಿ ಎಂಬ ಬಿರುದು. ಅಂಗಡಿಯ ಬಾಗಿಲು ತೆರೆಯುವ ಮನಸ್ಸೇ ಇಲ್ಲದೆ ಕುಳಿತ ವ್ಯಾಪಾರಿಗೂ ಇದೇ ಗತಿ. ವೈದ್ಯರು ಇದನ್ನು ತೀವ್ರ ಖಿನ್ನತೆ ಎಂಬ ಕಾಯಿಲೆ ಎನ್ನುತ್ತಾರೆ. ಜನ ಇನ್ನೂ ಗುಣದ ದೋಷವೆಂದೇ ಎಣಿಸುತ್ತಾರೆ.

ವಿಜ್ಞಾನ ಏನು ಹೇಳುತ್ತದೆ? 1996ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಸಂಶೋಧಕರು, ಮೇಲಿಂದ ಮೇಲೆ ಖಿನ್ನತೆಗೆ ತುತ್ತಾದ ಕೆಲವರ ಮಿದುಳನ್ನು ಎಂ.ಆರ್.ಐ. ಯಂತ್ರದಲ್ಲಿ ಅಳೆದರು. ನೆನಪಿಗೆ ಸಂಬಂಧಪಟ್ಟ ಹಿಪೊಕ್ಯಾಂಪಸ್ ಎಂಬ ಭಾಗ ಅವರಲ್ಲಿ ಚಿಕ್ಕದಾಗಿತ್ತು. ಬಳಿಕ ಹಲವು ದೇಶಗಳ ವಿಜ್ಞಾನಿಗಳು ಕೂಡಿ 1,728 ರೋಗಿಗಳ ಹಾಗೂ 7,199 ಆರೋಗ್ಯವಂತರ ಅಳತೆಗಳನ್ನು ಹೋಲಿಸಿ 2016ರಲ್ಲಿ ಪ್ರಕಟಿಸಿದರು. ಅಲ್ಲಿಯೂ ಅದೇ ಫಲ. 2017ರ ಇನ್ನೊಂದು ವರದಿಯಲ್ಲಿ, ಮಿದುಳಿನ ಮೇಲ್ಪದರ ಮುಂಭಾಗದ ಕೆಲವೆಡೆ ತುಸು ತೆಳುವಾಗಿರುವುದೂ ಕಂಡುಬಂತು. ಹೀಗಿರುವಾಗ, ಇದೆಲ್ಲ ಬರಿಯ ನೆವ ಎನ್ನುವವರು ಬಾಯಿ ಮುಚ್ಚಬೇಕು.

ಆದರೆ ಎಚ್ಚರಿಕೆ ಬೇಕು. ಹಿಪೊಕ್ಯಾಂಪಸಿನ ವ್ಯತ್ಯಾಸ ಸರಾಸರಿಯಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಮಾತ್ರ. ಎರಡು ಊರುಗಳ ಜನರನ್ನೆಲ್ಲ ಅಳೆದರೆ ಒಂದೂರಿನವರು ಬೆರಳಿನಷ್ಟು ಗಿಡ್ಡ ಎಂದು ತಿಳಿದೀತು. ಬಸ್ ನಿಲ್ದಾಣದಲ್ಲಿ ನಿಂತ ಒಬ್ಬನ ಎತ್ತರ ನೋಡಿ ಅವನ ಊರು ಹೇಳಲಾದೀತೆ? ಹಾಗೆಯೇ ಒಬ್ಬನ ಮಿದುಳಿನ ಚಿತ್ರ ನೋಡಿ ಅವನಿಗೆ ಖಿನ್ನತೆ ಇದೆ, ಇಲ್ಲ ಎಂದು ಹೇಳಲು ಬರುವುದಿಲ್ಲ. ಚಿತ್ರ ತೆಗೆದು ಖಿನ್ನತೆ ಪತ್ತೆಮಾಡುತ್ತೇವೆಂದು ಸಾವಿರಾರು ರೂಪಾಯಿ ಕೇಳುವವರನ್ನು ನಂಬಬೇಡಿ. ಈ ಕಾಯಿಲೆಯನ್ನು ವೈದ್ಯರು ಗುರುತಿಸುವುದು ರೋಗಿಯ ಮಾತನ್ನು ಕೂತು ಕೇಳಿ.

ಇನ್ನೊಂದು ತಪ್ಪು ತೀರ್ಮಾನವೂ ಉಂಟು. "ಅವನ ಮಿದುಳೇ ಹಾಗೆ, ನಾವೇನು ಮಾಡುವುದು?" ಎಂದು ಕೈ ತೊಳೆದುಕೊಳ್ಳುವುದು. ಇದು ಸುಳ್ಳು. 2016ರ ಅದೇ ವರದಿಯಲ್ಲಿ ಹಿಪೊಕ್ಯಾಂಪಸಿನ ಕುಗ್ಗುವಿಕೆ ಕಂಡದ್ದು ಕಾಯಿಲೆ ಮರುಕಳಿಸಿದವರಲ್ಲಿ ಮತ್ತು ಎಳೆಯ ವಯಸ್ಸಿನಲ್ಲೇ ಅದಕ್ಕೆ ಸಿಕ್ಕಿದವರಲ್ಲಿ. ಮೊದಲ ಸಲ ಕಾಯಿಲೆ ಬಿದ್ದವರಲ್ಲಿ ಅದು ಕಾಣಲಿಲ್ಲ. ಕುಗ್ಗಿದ್ದರಿಂದ ಕಾಯಿಲೆಯೋ, ಕಾಯಿಲೆಯಿಂದ ಕುಗ್ಗಿತೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಸಾಲ, ನಿರುದ್ಯೋಗ, ನಿದ್ರೆಗೇಡು ಖಿನ್ನತೆಯನ್ನು ಹೆಚ್ಚಿಸುತ್ತವೆ ಎಂಬುದು ಮಾತ್ರ ಗೊತ್ತಿದ್ದದ್ದೇ. ಮಿದುಳು ಬದುಕಿನಿಂದ ಹೊರಗೆ ಗಾಜಿನ ಪೆಟ್ಟಿಗೆಯಲ್ಲಿಲ್ಲ. ದುಡಿಯುವವನ ತಲೆಬುರುಡೆಯೊಳಗೇ ಇದೆ; ರಾತ್ರಿ ಪಾಳಿಯನ್ನೂ ಉದ್ರಿ ಖಾತೆಯನ್ನೂ ಅವನ ಜೊತೆಗೇ ಅನುಭವಿಸುತ್ತದೆ.

ಔಷಧಿಯಿಂದಲೂ ಆಪ್ತಸಮಾಲೋಚನೆಯಿಂದಲೂ ಬಹಳ ಜನ ಗುಣ ಹೊಂದುತ್ತಾರೆ. ಗುಳಿಗೆಯ ಗುಣ ಕಾಣಲು ಕೆಲವು ವಾರಗಳೇ ಬೇಕು; ನಾಲ್ಕು ದಿನ ನುಂಗಿ ಬಿಡಬಾರದು. ಆದರೆ ಚಿಕಿತ್ಸೆ ಯಾರಿಗೆ ಸಿಗುತ್ತಿದೆ? ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ತೀವ್ರ ಖಿನ್ನತೆಯ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಇರಲಿಲ್ಲ. ಸಾಮಾನ್ಯ ಸರಕಾರಿ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆಗೂ ಮದ್ದು ಕೊಡಬಹುದೆಂದು 1980ರ ದಶಕದಲ್ಲೇ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆ. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ದಾರಿ ಗೊತ್ತಿದ್ದೂ ನಡೆಯದಿದ್ದರೆ ತಪ್ಪು ಯಾರದು?

ಕಾನೂನು ನಮ್ಮ ಪರ ಇದೆ. 2017ರ ಮಾನಸಿಕ ಆರೋಗ್ಯ ಕಾಯಿದೆ, ವಿಮೆಯಲ್ಲಿ ಮನಸ್ಸಿನ ಕಾಯಿಲೆಯನ್ನು ಮೈಯ ಕಾಯಿಲೆಯ ಸಮಕ್ಕೆ ಕಾಣಬೇಕೆನ್ನುತ್ತದೆ. 14416ಕ್ಕೆ ಫೋನು ಮಾಡಿದರೆ ಹಣವಿಲ್ಲದೆ ಸಲಹೆ ಸಿಗುತ್ತದೆ. ಜೊತೆಗಾರನೊಬ್ಬ ಮೌನವಾಗಿ ಕುಸಿಯುತ್ತಿದ್ದರೆ ಅವನ ಮಿದುಳನ್ನು ಅಳೆಯಲು ಹೋಗಬೇಡಿ. ಪಕ್ಕದಲ್ಲಿ ಕುಳಿತು ಮಾತಾಡಿಸಿ, ಆಸ್ಪತ್ರೆಗೆ ಜೊತೆಯಾಗಿ ಹೋಗಿ. ಬೆರಳು ಜಜ್ಜಿದವನಿಗೆ ಸಿಗುವ ರಜೆ, ಮರ್ಯಾದೆ ಅವನಿಗೂ ಸಿಗಲಿ. ನಾವು ಕೇಳುತ್ತಿರುವುದು ಕನಿಕರವನ್ನಲ್ಲ, ಸಮಾನತೆಯನ್ನು.