ಹಿಂದಿನ ಸೀಟಿನ ಬಾಕಿ

ನಮ್ಮ ಮಂಡ್ಯದಲ್ಲಿ ಹಳೇ ಸ್ಕೂಟರ್ ಇಟ್ಟುಕೊಂಡವರದೊಂದು ಸಂಘವಿದೆ. ಸಂಘವೆಂದರೆ ರಿಜಿಸ್ಟರ್ ಆದದ್ದೇನಲ್ಲ. ನಿವೃತ್ತರಾದ, ಆಗಲಿರುವ ಹದಿನೈದಿಪ್ಪತ್ತು ಗಂಡಸರು, ನಡುವೆ ನಾಲ್ಕೈದು ಹುಡುಗರು, ಭಾನುವಾರ ಬೆಳಿಗ್ಗೆ ಹೋಟೆಲೊಂದರ ಮುಂದೆ ಗಾಡಿ ಸಾಲಾಗಿ ನಿಲ್ಲಿಸಿ ಕಾಫಿ ಕುಡಿಯುತ್ತಾರೆ. ನಮ್ಮ ಯಜಮಾನರೂ ಅವರಲ್ಲೊಬ್ಬರು. ಕಳೆದ ಚಳಿಗಾಲದಲ್ಲಿ ಬೆಂಗಳೂರಿನ ಅಂಚಿನ ಬಯಲೊಂದರಲ್ಲಿ ಹಳೇ ಸ್ಕೂಟರುಗಳ ಬಿಡಿಭಾಗಗಳ ಸಂತೆ ಸೇರುತ್ತದೆಂದು ಸುದ್ದಿ ಬಂತು. ಎಲ್ಲರೂ ಸ್ಕೂಟರಿನಲ್ಲೇ ಒಟ್ಟಾಗಿ ಹೋಗುವುದೆಂದು ತೀರ್ಮಾನವಾಯಿತು. ಕೊನೆಗೆ, ಮರೆತವರು ನೆನಪು ಮಾಡಿಕೊಂಡಂತೆ, "ಕುಟುಂಬ ಸಮೇತ" ಎಂದೂ ಸೇರಿಸಿದರು. ಕುಟುಂಬಕ್ಕೆ ಟೆಂಪೋ ಟ್ರಾವೆಲರ್. ಅದರಲ್ಲಿ ಪುಳಿಯೋಗರೆ ಡಬ್ಬಿ, ಮೆಕ್ಯಾನಿಕ್ಕಿನ ಪೆಟ್ಟಿಗೆ, ಎರಡು ಸ್ಟೆಪ್ನಿ ಮತ್ತು ನಾವು ಹೆಂಗಸರು.

ನಾನು ಸುಮ್ಮನಿರಲಾರದೆ, "ನಾನೂ ನನ್ನ ಗಾಡೀಲೇ ಬರ್ತೀನಿ" ಎಂದೆ. ಇಪ್ಪತ್ತು ವರ್ಷದಿಂದ ಊರಾಚೆಯ ಹಳ್ಳಿ ಶಾಲೆಗೆ ದಿನವೂ ಸ್ಕೂಟಿಯಲ್ಲಿ ಹೋಗಿ ಬರುವವಳು ನಾನು. ಮಳೆಯಲ್ಲೂ ಹೋಗಿದ್ದೇನೆ, ಕಬ್ಬಿನ ಗಾಡಿಗಳ ಸಾಲಿನ ಹಿಂದೆ ತೆವಳಿಕೊಂಡೂ ಹೋಗಿದ್ದೇನೆ.

ಸಂಘದ ಹಿರಿಯರು ಬಹಳ ಮರ್ಯಾದೆಯಿಂದಲೇ ಹೇಳಿದರು: "ಟೀಚರಮ್ಮ, ನಿಮ್ಮದು ಗೇರಿಲ್ಲದ್ದು. ನಮ್ಮದು ಗೇರಿನ ಹಳೇ ಗಾಡಿಗಳು. ಮಧ್ಯೆ ಅದು ಬಂದರೆ ಚೆಂದ ಕಾಣೋಲ್ಲ."

"ಸರಿ ಹಾಗಾದ್ರೆ. ಚೇತಕ್ ನಾನು ಓಡಿಸ್ತೀನಿ. ನಮ್ಮವರು ಹಿಂದೆ ಕೂತ್ಕೊಳ್ಳಲಿ."

ಎಲ್ಲರೂ ನಕ್ಕರು. ನಮ್ಮವರೂ ನಕ್ಕರು. ಹಿರಿಯರ ಮಾತಿನಿಂದ ನನಗೆ ಬೇಸರವಾಗಲಿಲ್ಲ, ನಿಯಮವೆಂದರೆ ನಿಯಮ. ಈ ನಗುವಿದೆಯಲ್ಲ, ಅದರ ಮೇಲೆಯೇ ನನ್ನ ತಕರಾರು.

ಮೊದಲು, ಆ ಚೇತಕ್ ಯಾರದ್ದು ಎಂದು ನೋಡೋಣ. ಆರ್.ಸಿ. ಪುಸ್ತಕದಲ್ಲಿ ನಮ್ಮವರ ಹೆಸರಿದೆ. 1992ರಲ್ಲಿ ನಮ್ಮ ಮದುವೆಯಾದಾಗ "ಹುಡುಗ ಸ್ಕೂಟರ್ ಕೇಳ್ತಿಲ್ಲ, ಕೊಟ್ಟರೆ ಸಂತೋಷ" ಎಂದು ಹೇಳಿಕಳಿಸಿದ್ದರು. ಕೇಳದೆ ಕೇಳುವ ಈ ವಿದ್ಯೆ ನಿಮಗೂ ಗೊತ್ತಿದ್ದೀತು. ನಮ್ಮಪ್ಪ ಪಿ.ಎಫ್. ಸಾಲ ತೆಗೆದು ಚೇತಕ್ ಕೊಡಿಸಿದರು. ನಮ್ಮಕ್ಕನ ಕಾಲದಲ್ಲಿ ಇನ್ನೂ ಕಷ್ಟವಿತ್ತು. ಆಗ ಬಜಾಜ್ ಸ್ಕೂಟರಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ಅವಳು ಹೈಸ್ಕೂಲಿನಲ್ಲಿದ್ದಾಗಲೇ ಅಪ್ಪ ಬುಕ್ ಮಾಡಿಟ್ಟಿದ್ದರು. ಗಂಡು ಯಾರೆಂದು ಗೊತ್ತಿಲ್ಲ, ಅವನ ಸ್ಕೂಟರಿನ ಸರದಿ ಮಾತ್ರ ಓಡುತ್ತಿತ್ತು! ಸಂಘದ ಗಾಡಿಗಳಲ್ಲಿ ಎಷ್ಟು ಹೀಗೆ ಮಾವನ ಮನೆಯಿಂದ ಬಂದವೆಂದು ಟೆಂಪೋದಲ್ಲಿ ಕೂತಾಗ ಸುಮ್ಮನೆ ವಿಚಾರಿಸಿದೆ. ನಾವು ಒಂಬತ್ತು ಜನ ಹೆಂಗಸರಿದ್ದೆವು. ಐದು ಕೈ ಎದ್ದವು. ಆರನೆಯವರು, "ಟಿ.ವಿ.ನೂ ಕೊಟ್ಟಿದ್ರು" ಎಂದು ಸೇರಿಸಿದರು.

ಓಡಿಸಲು ಬರುತ್ತದೆಯೇ ಎಂಬ ಪ್ರಶ್ನೆಗೂ ಉತ್ತರವಿದೆ. 1998ರಲ್ಲಿ ನಮ್ಮವರ ಕಾಲು ಮುರಿದು ಎರಡು ತಿಂಗಳು ಪ್ಲಾಸ್ಟರ್‌ನಲ್ಲಿದ್ದರು. ಮಗಳು ಎಲ್.ಕೆ.ಜಿ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಅವರು ಕೂಗುವುದು, ಪಕ್ಕದ ಮನೆ ಹುಡುಗ ಹಿಂದಿನಿಂದ ಗಾಡಿ ಹಿಡಿಯುವುದು, ನಾನು ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕಿಕ್ ಹೊಡೆಯುವುದು. ಸ್ಟಾರ್ಟ್ ಆಗದಿದ್ದರೆ ಗಾಡಿಯನ್ನು ಓರೆ ಮಾಡಿ ನೇರ ಮಾಡಿ ಮತ್ತೆ ಕಿಕ್. ಎಡಗೈಯಲ್ಲಿ ಕ್ಲಚ್ ಹಿಡಿದು ಅದೇ ಕೈಯನ್ನು ತಿರುಚಿ ಗೇರು ಹಾಕಬೇಕು. ಒಂದನೆಯದಕ್ಕೂ ಎರಡನೆಯದಕ್ಕೂ ನಡುವೆ ನ್ಯೂಟ್ರಲ್. ಬಲಗಾಲಿನಲ್ಲಿ ಬ್ರೇಕು. ನಾಲ್ಕು ದಿನದಲ್ಲಿ ಕಲಿತೆ. ಆಸ್ಪತ್ರೆ, ಶಾಲೆ, ರೇಷನ್ನು, ಎಲ್ಲಾ ಅದರಲ್ಲೇ ಆಯಿತು. ಪ್ಲಗ್ ಬಿಚ್ಚಿ ಮರಳು ಕಾಗದದಿಂದ ಉಜ್ಜುವುದನ್ನೂ ಕಲಿತೆ. ಪ್ಲಾಸ್ಟರ್ ತೆಗೆದ ದಿನ ಅವರು ಕೀ ಕೇಳಿದರು. ಕೊಟ್ಟೆ. ಆ ಕೊಟ್ಟದ್ದು ನನ್ನದೇ ತಪ್ಪು, ಅದನ್ನು ಬೇರೆಯವರ ಮೇಲೆ ಹಾಕುವುದಿಲ್ಲ.

ಇನ್ನು "ಗೇರಿನ ಸ್ಕೂಟರ್ ಗಂಡಸರ ಗಾಡಿ" ಎಂಬ ಮಾತು. ಈ ಸ್ಕೂಟರಿನ ವಂಶ ಇಟಲಿಯದು. 1946ರಲ್ಲಿ ಪಿಯಾಜಿಯೋ ಕಂಪನಿಯ ವೆಸ್ಪಾವನ್ನು ರೂಪಿಸಿದವರು ಕೊರಾದಿನೊ ದಸ್ಕಾನಿಯೊ ಎಂಬ ಇಂಜಿನಿಯರು. ಅವರು ಹೆಲಿಕಾಪ್ಟರಿನ ಮೇಲೆ ಕೆಲಸ ಮಾಡಿದ್ದವರು, ಮೋಟಾರ್ ಸೈಕಲ್ ಕಂಡರೆ ಅವರಿಗಾಗದು. ಕಾಲು ಅಗಲಿಸಿ ಹತ್ತಬೇಕಿಲ್ಲದಂತೆ ಮುಂದೆ ಜಾಗ ಬಿಟ್ಟರು, ಬಟ್ಟೆಗೆ ಎಣ್ಣೆ ಹತ್ತದಂತೆ ಎಂಜಿನ್ನಿಗೆ ತಗಡು ಮುಚ್ಚಿದರು, ಗೇರನ್ನು ಕೈಗೆ ತಂದರು. ಲಂಗ ತೊಟ್ಟವರೂ ಕೂತು ಹೋಗಬಹುದಾದ ಗಾಡಿ ಅದು. ಬಜಾಜ್ ಕಂಪನಿ ಪಿಯಾಜಿಯೋದಿಂದ ಲೈಸೆನ್ಸ್ ಪಡೆದು ಸ್ಕೂಟರ್ ಮಾಡಿತು, 1972ರಲ್ಲಿ ಚೇತಕ್ ಬಂತು. ಮುಂದೆ ಜಾಗ ಹಾಗೇ ಉಳಿಯಿತು, ಅಲ್ಲಿ ಗ್ಯಾಸ್ ಸಿಲಿಂಡರ್ ಬಂತು, ಮಗು ನಿಂತಿತು. ನಾವು ಮಾತ್ರ ಹಿಂದೆ, ಓರೆಯಾಗಿ. 1984ರಲ್ಲಿ ಗೇರಿಲ್ಲದ ಕೈನೆಟಿಕ್ ಹೋಂಡಾ ಬಂದ ಮೇಲೆ ಹೆಂಗಸರು ಹ್ಯಾಂಡಲ್ ಹಿಡಿಯುವುದು ಹೆಚ್ಚಾಯಿತು. ಹಿಡಿದದ್ದೇ ತಡ, ಅದು ಸ್ಕೂಟರೇ ಅಲ್ಲ ಎಂದಾಯಿತು. 2020ರಲ್ಲಿ ಬ್ಯಾಟರಿಯ ಮೇಲೆ ಮರಳಿ ಬಂದ ಚೇತಕ್ಕಿಗೂ ಗೇರಿಲ್ಲ. ಇದನ್ನು ಸಂಘದ ಹಿರಿಯರಿಗೆ ಹೇಳಿದೆ. "ಅದು ಹೆಸರಿಗೆ ಚೇತಕ್ಕು" ಎಂದರು.

ಅಂತೂ ಹೋದೆವು. ಹೊಸ ಎಕ್ಸ್‌ಪ್ರೆಸ್ ರಸ್ತೆಗೆ 2023ರ ಆಗಸ್ಟಿನಿಂದ ದ್ವಿಚಕ್ರ ವಾಹನ ನಿಷೇಧ. ಹಾಗಾಗಿ ಸ್ಕೂಟರುಗಳು ಸರ್ವೀಸ್ ರಸ್ತೆಯಲ್ಲಿ, ಅವುಗಳ ಹಿಂದೆ ನಮ್ಮ ಟೆಂಪೋ. ನ್ಯಾಯವಾಗಿ ಹೇಳಬೇಕು, ನೋಡಲು ಖುಷಿಯಾಗಿತ್ತು. ಎರಡು ಕಡೆ ಗಾಡಿ ಕೆಟ್ಟಿತು. ಚನ್ನಪಟ್ಟಣದ ಹತ್ತಿರ ಒಂದರ ಕ್ಲಚ್ ಕೇಬಲ್ ಕಿತ್ತಿತು. ಒಬ್ಬರೂ ಮುಂದೆ ಹೋಗಲಿಲ್ಲ, ಎಲ್ಲರೂ ನಿಂತರು. ಮನೆಯಲ್ಲಿ ತಮ್ಮ ತಟ್ಟೆ ಎತ್ತದ ಮನುಷ್ಯ ರಸ್ತೆ ಬದಿ ಮಂಡಿಯೂರಿ ಇನ್ನೊಬ್ಬರ ಗಾಡಿಗೆ ಗ್ರೀಸ್ ಹಚ್ಚುತ್ತಿದ್ದರು. ನಾವು ಟೆಂಪೋ ಕಿಟಕಿಯಿಂದ ನೋಡಿದೆವು. ಬಿಡದಿಯಲ್ಲಿ ತಟ್ಟೆ ಇಡ್ಲಿ. ಯಾವ ಅವಸರವೂ ಇಲ್ಲ. ಕಾಯಿಪಲ್ಯ ತರಬೇಕಿಲ್ಲ, ಟ್ಯೂಷನ್ನಿಗೆ ಬಿಡಬೇಕಿಲ್ಲ. ನನ್ನ ಸ್ಕೂಟಿ ಇಷ್ಟು ವರ್ಷದಲ್ಲಿ ಒಂದು ದಿನವೂ ಕೆಲಸವಿಲ್ಲದೆ ಊರ ಗಡಿ ದಾಟಿಲ್ಲವೆಂಬುದು ಆಗ ಹೊಳೆಯಿತು.

ಸಂತೆ ದೊಡ್ಡದೇ ಇತ್ತು. ಟಾರ್ಪಾಲಿನ ಮೇಲೆ ಕಾರ್ಬುರೇಟರು, ಸ್ಪೀಡೋಮೀಟರು, ಹೆಡ್‌ಲೈಟಿನ ಬಳೆ. ಲಖನೌದ ಸ್ಕೂಟರ್ಸ್ ಇಂಡಿಯಾದವರು 1997ರಲ್ಲಿ ಸ್ಕೂಟರ್ ಮಾಡುವುದನ್ನೇ ನಿಲ್ಲಿಸಿದ್ದರಿಂದ ವಿಜಯ್ ಸೂಪರಿನ ಸಾಮಾನಿಗೆ ಭಾರೀ ಗಿರಾಕಿ. ನಮ್ಮವರು ಒಂದು ಮಾನೋಗ್ರಾಮಿಗಾಗಿ ಒಂದೂವರೆ ಗಂಟೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಮನೆಯಲ್ಲಿ ಮಂಡಿನೋವು.

ಬಯಲಿನ ಕೊನೆಯಲ್ಲಿ, ಒಬ್ಬ ಮುದುಕರ ಹತ್ತಿರ ಒಂದು ರಾಶಿ ಬಿದ್ದಿತ್ತು. ಸೀರೆಯವರು ಓರೆ ಕೂತಾಗ ಪಾದ ಇಡುವ ಮಡಚುವ ಫುಟ್‌ರೆಸ್ಟು, ಹಿಡಿದುಕೊಳ್ಳುವ ಕಬ್ಬಿಣದ ಹಿಡಿ, ಮುಂದೆ ಮಗು ಕೂರಿಸುವ ಪುಟ್ಟ ಸೀಟು. ಸೀಟಿನ ರೆಕ್ಸಿನ್ ಮೇಲೆ ಯಾವುದೋ ಮಗು ಉಗುರಿನಿಂದ ಗೀಚಿದ ಗುರುತಿತ್ತು. ಬೆಲೆ ಕೇಳಿದೆ.

"ತೂಕಕ್ಕೆ ಕೊಡ್ತೀನಮ್ಮ. ಇದು ಕಂಪನೀದಲ್ಲ, ಆಮೇಲೆ ಅಂಗಡೀಲಿ ಹಾಕ್ಸಿದ್ದು. ಹಳೇ ಗಾಡಿ ಸರಿ ಮಾಡೋರು ಮೊದ್ಲು ಇದನ್ನೇ ಬಿಚ್ಚಿ ಬಿಸಾಕ್ತಾರೆ."

ಓದುವ ಅಕ್ಕತಂಗಿಯರೇ, ಆ ಮುದುಕರದೇನೂ ತಪ್ಪಿಲ್ಲ. ಆದರೆ ನನ್ನ ಹೊಟ್ಟೆ ಉರಿಯಿತು. ಹಿಂದೆ ಕೂರುವವರಿಗೆ ಹಿಡಿ ಇರಬೇಕು, ಪಾದ ಇಡಲು ಜಾಗವಿರಬೇಕು, ಬಟ್ಟೆ ಸಿಕ್ಕದಂತೆ ಚಕ್ರಕ್ಕೆ ಮರೆ ಇರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಹೇಳುತ್ತದೆ. ಅಷ್ಟರಮಟ್ಟಿಗೆ ನಾವು ಸರ್ಕಾರದ ಲೆಕ್ಕದಲ್ಲಿದ್ದೇವೆ. ನಮಗೂ ತಲೆಯಿದೆಯೆಂದು ಈ ರಾಜ್ಯದಲ್ಲಿ ಹಿಂದಿನ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾದದ್ದು 2016ರಲ್ಲಿ, ಇರಲಿ. ಆ ಫುಟ್‌ರೆಸ್ಟಿನ ಮೇಲೆ ಕಾಲಿಟ್ಟು, ಮಡಿಲಲ್ಲೊಂದು ಮಗು, ತೋಳಲ್ಲೊಂದು ಚೀಲ, ಒಂದೇ ಕೈಯಲ್ಲಿ ಹಿಡಿ ಹಿಡಿದು, ಗುಂಡಿ ಬಂದಾಗಲೆಲ್ಲ ಉಸಿರು ಬಿಗಿಹಿಡಿದು ಕೂತವರು ನಾವು. ಸಂಘದವರು ಉಳಿಸುತ್ತೇವೆನ್ನುವ ಆ ಹಳೆಯ ಕಾಲದಲ್ಲಿ ನಾವೂ ಇದ್ದೆವು. ನಟ್ಟು ಬೋಲ್ಟು ಬಿಚ್ಚಿ ನಮ್ಮನ್ನು ತೆಗೆದು, ಉಳಿದದ್ದಕ್ಕೆ ಪಾಲಿಶ್ ಹೊಡೆದು, "ಅಸಲಿ" ಎನ್ನುತ್ತಾರೆ.

ಹೆಂಗಸರದೂ ಒಂದು ಮಾತಿದೆ. ವಾಪಸು ಬರುವಾಗ ಟೆಂಪೋದಲ್ಲಿ ಒಬ್ಬರು, "ಏನ್ ಟೀಚರೇ, ಈ ವಯಸ್ಸಲ್ಲಿ ಬಿದ್ದು ಸೊಂಟ ಮುರಿದರೆ?" ಎಂದರು. ನಮ್ಮವರಿಗೆ ಅರವತ್ತೊಂದು, ಅವರ ಸೊಂಟವೇನು ಕಬ್ಬಿಣದ್ದೇ? ಇನ್ನೊಬ್ಬರು, "ದಾರೀಲಿ ನಮಗೆ ಬಾತ್‌ರೂಮ್ ಸಿಗೋಲ್ಲ" ಎಂದರು. ಇದು ನಿಜವಾದ ತೊಂದರೆ, ನಗುವಂಥದ್ದಲ್ಲ. ಅದಕ್ಕೆ ನಿಲ್ಲುವ ಜಾಗ ಮೊದಲೇ ಗೊತ್ತುಮಾಡಬೇಕು. ಪೆಟ್ರೋಲಿಗೆ ಎಲ್ಲಿ ನಿಲ್ಲಬೇಕೆಂದು ಕಾಗದದಲ್ಲಿ ಬರೆದುಕೊಂಡವರಿಗೆ ಇದೊಂದು ಸಾಲು ಹೆಚ್ಚಾಗದು.

ನಾನು ಆ ಫುಟ್‌ರೆಸ್ಟ್ ಕೊಂಡುತಂದೆ. ಮಗುವಿನ ಸೀಟನ್ನೂ ತಂದೆ, ಯಾಕೆಂದು ಕೇಳಬೇಡಿ. ಮುಂದಿನ ಸವಾರಿ ಮೇಲುಕೋಟೆಗಂತೆ. ಸಂಘದ ಪಟ್ಟಿಯಲ್ಲಿ "ಚೇತಕ್, 1992" ಎಂಬುದರ ಮುಂದೆ ನನ್ನ ಹೆಸರು ಬರೆಯಿರಿ ಎಂದು ಹೇಳಿದ್ದೇನೆ. ಬರೆದಿದ್ದಾರೋ ಇಲ್ಲವೋ ಗೊತ್ತಿಲ್ಲ. ನಮ್ಮವರು ನಾಲ್ಕು ದಿನ ಮುಖ ಊದಿಸಿಕೊಂಡಿದ್ದು, ಐದನೆಯ ದಿನ ಕ್ಲಚ್ಚು ಗಟ್ಟಿಯಾಗಿದೆಯೆಂದು ತಾವೇ ಹೊಸ ಕೇಬಲ್ ಹಾಕಿಕೊಟ್ಟರು. ಎರಡು ಭಾನುವಾರದಿಂದ ಬೆಳಿಗ್ಗೆ ಆರಕ್ಕೆ ಗಾಡಿ ತೆಗೆದು ಹನಕೆರೆಯವರೆಗೆ ಹೋಗಿ ಬರುತ್ತಿದ್ದೇನೆ. ಎರಡನೇ ಗೇರಿನಿಂದ ನ್ಯೂಟ್ರಲಿಗೆ ತರುವಾಗ ಇನ್ನೂ ಕೈ ತಡವರಿಸುತ್ತದೆ.